ಮುದಗಲ್ಲಿನ ಫತೇ ದರವಾಜಾ, ಬೆಂಗಳೂರಿನ ಗೇಟ್ ಆ್ಯಪ್

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆಯ ಉತ್ತರದ ಬಾಗಿಲಿಗೆ ಫತೇ ದರವಾಜಾ ಎಂದು ಹೆಸರು. ಅದರತ್ತ ಯಾರೂ ನೆಟ್ಟಗೆ ನುಗ್ಗಿ ಬರುವಂತಿರಲಿಲ್ಲ. ಬಾಗಿಲಿಗೆ ಎದುರಾಗಿಯೇ ಒಂದು ಭಾರೀ ಬುರುಜು, ಅದರ ಎರಡೂ ಮಗ್ಗುಲಲ್ಲಿ ಅಡ್ಡಗೋಡೆ. ಬಳಸಿ ಬಂದವರು ಆಚೀಚೆ ಕಾವಲು ಕೋಣೆಗಳಿರುವ ಮುಚ್ಚಿದ ಹಾದಿಯನ್ನು ಹಾಯ್ದು, ಇಕ್ಕಟ್ಟಾದ ಅಂಗಳಕ್ಕೆ ಬಂದು, ಒಂದಾದ ಮೇಲೊಂದರಂತೆ ಬಾಗಿಲುಗಳನ್ನು ದಾಟಬೇಕಿತ್ತು. ಪಶ್ಚಿಮದ ದಾರಿಯಲ್ಲಿ ಇನ್ನೂ ಸ್ವಾರಸ್ಯದ ಸಂಗತಿಯಿದೆ. ಅಲ್ಲಿ ಕಂಬದ ಮೇಲೆ ತೊಲೆ ಹೇರಿದ ಹಳೆಯ ಬಾಗಿಲುವಾಡಗಳನ್ನು ಕೆಡವದೆ, ಅವುಗಳ ಬೆನ್ನಿಗೇ ಕಮಾನುಗಳನ್ನು ಕಟ್ಟಿ ಬಲಪಡಿಸಿದ್ದಾರೆ. ಮೂರನೆಯ ಬಾಗಿಲಿನ ಎಡಗಡೆ ಕಾವಲಿನವರಿಗೆಂದೇ ದೊಡ್ಡ ದೊಡ್ಡ ಕೋಣೆಗಳಿವೆ. ಹೊರಗೋಡೆಯ ಸುತ್ತ ನೀರು ತುಂಬಿದ ಕಂದಕ, ಕೆಲವೆಡೆ 50 ಗಜದಷ್ಟು ಅಗಲ. ತೋಪು ಬಳಕೆಗೆ ಬಂದ ಮೇಲೆ ಈ ಕೋಟೆಯನ್ನು ಮತ್ತೆ ಕಟ್ಟಿದ್ದಾರೆ ಎಂಬುದು ಅದರ ರಚನೆಯಿಂದಲೇ ತಿಳಿಯುತ್ತದೆ. ಎಡೆದೊರೆ ನಾಡಿನ ಈ ಬಾಗಿಲು, ಇಂದಿನ ಮಾತಿನಲ್ಲಿ ಹೇಳುವುದಾದರೆ, ಅಪ್‌ಗ್ರೇಡ್ ಆದ ಗೇಟು. ಅಪಾಯ ಬದಲಾಯಿತು, ಅದಕ್ಕೆ ತಕ್ಕಂತೆ ಬಾಗಿಲೂ ಬದಲಾಯಿತು. ಯಾವ ಅಪಾಯಕ್ಕೆ ಈ ಬಾಗಿಲು ಎಂಬ ಪ್ರಶ್ನೆ ಮೊದಲು ಬಂತು, ಕಲ್ಲುಕೆಲಸ ಆಮೇಲೆ ಬಂತು.

ಬೆಂಗಳೂರಿನ ವಸತಿ ಸಮುಚ್ಚಯಗಳಲ್ಲಿ ಸುಮಾರು ಹತ್ತು ವರ್ಷಗಳಿಂದ ನಡೆದಿರುವ ಗೇಟ್ ಸುಧಾರಣೆಯನ್ನು ಈ ಅಳತೆಗೆ ಒಡ್ಡಿ ನೋಡುವುದು ಅಗತ್ಯ ಎಂದು ನನಗನ್ನಿಸುತ್ತದೆ. ಅಲ್ಲಿ ಕ್ರಮ ತಲೆಕೆಳಗಾಗಿದೆ. ಮೊದಲು ಸಾಮಾನು ಖರೀದಿಯಾಗುತ್ತದೆ. ಅದು ಯಾವ ಅಪಾಯವನ್ನು ತಡೆಯಬೇಕು ಎಂಬ ಯೋಚನೆ ಬರುವುದು ಕೊನೆಗೆ, ಎಷ್ಟೋ ಕಡೆ ಬರುವುದೇ ಇಲ್ಲ. ಹಾಗಾಗಿ ಗೇಟು ಅಪಾಯವನ್ನು ತಡೆಯುವುದಕ್ಕಿಂತ ಹೆಚ್ಚಾಗಿ, ದಿನವೂ ದುಡಿಯಲು ಬರುವ ಬಡವರನ್ನು ತಡೆದು ನಿಲ್ಲಿಸಿ ಲೆಕ್ಕ ಇಡುವ ಯಂತ್ರವಾಗಿ ಉಳಿದಿದೆ. ಈ ಮಾತು ಬೆಂಗಳೂರಿಗೆ ಮಾತ್ರ ಸಂಬಂಧಿಸಿದ್ದೂ ಅಲ್ಲ. ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯಿಂದ ಮಳೆ ಕೈಕೊಟ್ಟ ವರ್ಷ ಗುಳೆ ಹೋದ ಜನ ಬೆಂಗಳೂರಿನಲ್ಲಿ ಆ ಕಟ್ಟಡಗಳ ತಳಪಾಯ ತೋಡಿದವರು, ಸಿಮೆಂಟು ಹೊತ್ತವರು. ಕಟ್ಟಡ ಎದ್ದ ಮೇಲೆ ಅದೇ ಗೇಟಿನ ಮುಂದೆ ಹೆಸರು ಬರೆಸಲು ನಿಲ್ಲುವವರಲ್ಲೂ ಅವರಿದ್ದಾರೆ. ಈಗ ‘ಗೇಟೆಡ್ ಕಮ್ಯುನಿಟಿ’ ಎಂಬ ಮಾತು ನಮ್ಮ ತಾಲ್ಲೂಕು ಊರುಗಳ ಸೈಟು ಮಾರುವವರ ಬಾಯಿಗೂ ಬಂದಿದೆ. ರಾಜಧಾನಿಯ ತಪ್ಪನ್ನು ನಕಲು ಮಾಡುವ ಮೊದಲು ಅದನ್ನು ಸರಿಯಾಗಿ ನೋಡುವುದು ಒಳಿತು.

ಪದ್ಧತಿ ಬಹುತೇಕ ಓದುಗರಿಗೆ ಗೊತ್ತೇ ಇದೆ. 2016ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೈಗೇಟ್, ಅದರೊಂದಿಗೆ ನೋಬ್ರೋಕರ್‌ಹುಡ್, ಅಡ್ಡಾ ಮುಂತಾದ ಆ್ಯಪ್‌ಗಳು ಗೇಟಿನ ನೋಟ್‌ಬುಕ್ಕಿನ ಜಾಗಕ್ಕೆ ಬಂದವು. ಬಂದವರ ಹೆಸರು, ಮೊಬೈಲ್ ನಂಬರು, ಫೋಟೊ ಕಾವಲುಗಾರನ ಕೈಯ ಫೋನಿಗೆ ಹೋಗುತ್ತದೆ. ಮನೆಯವರ ಫೋನು ಗುಣುಗುತ್ತದೆ. ಅವರು ಒಪ್ಪಿಗೆಯ ಗುಂಡಿ ಒತ್ತಿದರೆ ಗೇಟು ತೆರೆಯುತ್ತದೆ. ನಿವಾಸಿಗಳ ಕಾರಿನ ಗಾಜಿಗೆ ಆರ್‌ಎಫ್‌ಐಡಿ ಚೀಟಿ, ಅದನ್ನು ಓದಿ ಮೇಲೇಳುವ ಬೂಮ್ ತಡೆ. ಕೆಲವು ಕಡೆ ಬೆರಳಚ್ಚು, ಈಚೆಗೆ ಮುಖ ಗುರುತಿಸುವ ಕ್ಯಾಮೆರಾ. ಮನೆಗೆಲಸದವರಿಗೆ ದಿನನಿತ್ಯದ ಸಂಖ್ಯೆ. ನೋಡಲು ಇದೆಲ್ಲ ಅಚ್ಚುಕಟ್ಟು. ಅಚ್ಚುಕಟ್ಟಾಗಿರುವುದು ಭದ್ರವೂ ಆಗಿರುತ್ತದೆ ಎಂಬ ನಂಬಿಕೆಯನ್ನೇ ಇಲ್ಲಿ ಪರೀಕ್ಷಿಸಬೇಕಾಗಿರುವುದು.

ಒಪ್ಪಿಗೆಯ ಗುಂಡಿಯನ್ನೇ ತೆಗೆದುಕೊಳ್ಳೋಣ. ಇಡೀ ವ್ಯವಸ್ಥೆಯ ಬಲ ನಿಂತಿರುವುದು ಮನೆಯವರು ನೋಡಿ, ಯೋಚಿಸಿ ಒಪ್ಪುತ್ತಾರೆ ಎಂಬ ಊಹೆಯ ಮೇಲೆ. ಹತ್ತು ನಿಮಿಷಕ್ಕೆ ತರಕಾರಿ, ಅರ್ಧ ಗಂಟೆಗೆ ಊಟ, ಮಧ್ಯಾಹ್ನಕ್ಕೆ ಕೊರಿಯರ್ ಬರುವ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಆ ಫೋನು ಗುಣುಗುತ್ತದೆ ಎಂದು ಯೋಚಿಸಿ. ಮೀಟಿಂಗಿನಲ್ಲಿ ಕುಳಿತವರು ತೆರೆಯ ಮೇಲಿನ ಮುಖ ನೋಡುವುದಿಲ್ಲ, ಬೆರಳು ತಾನಾಗಿ ಒಪ್ಪಿಗೆಯ ಕಡೆ ಹೋಗುತ್ತದೆ. ಇನ್ನೂ ಬೇಸರವಾದವರು ಇಂಥ ಕಂಪನಿಯವರು ಯಾವಾಗ ಬಂದರೂ ಬಿಡಿ ಎಂದು ಮುಂಚೆಯೇ ಅನುಮತಿ ಕೊಟ್ಟಿಡುತ್ತಾರೆ. ಆಮೇಲೆ ಆ ಕಂಪನಿಯ ಬಣ್ಣದ ಅಂಗಿಯೇ ಒಳಬರುವ ಅರ್ಹತೆಯಾಗುತ್ತದೆ. ಅಂಗಿಯನ್ನು ಯಾರೂ ಕೊಳ್ಳಬಹುದು. ಕಾವಲುಗಾರನಿಗೂ ಇಲ್ಲಿ ಮಾಡಲು ಏನೂ ಉಳಿದಿಲ್ಲ. ತೆರೆ ಹಸಿರಾದ ಮೇಲೆ ಅವನ ಅನುಮಾನಕ್ಕೆ ಬೆಲೆಯಿಲ್ಲ, ತೆರೆ ಕೆಂಪಾದರೆ ಅವನ ನಂಬಿಕೆಗೆ ಬೆಲೆಯಿಲ್ಲ.

ಯಂತ್ರಗಳ ಮಾತಿಗೆ ಬಂದರೆ, ಮಾರುವವರು ಹೇಳದ ಸಂಗತಿಗಳು ಹಲವು. 125 ಕಿಲೋಹರ್ಟ್ಜ್‌ನ ಹಳೆಯ ಬಗೆಯ ಕಾರ್ಡುಗಳು ಓದುವ ಯಂತ್ರಕ್ಕೆ ತಮ್ಮ ಸಂಖ್ಯೆಯನ್ನು ಗುಟ್ಟಿಲ್ಲದೆ ಹೇಳಿಬಿಡುತ್ತವೆ. ಅಗ್ಗದ ಉಪಕರಣವೊಂದರಿಂದ ಅವನ್ನು ನಕಲು ಮಾಡಬಹುದು. ಜಗತ್ತಿನಾದ್ಯಂತ ಬಳಕೆಯಲ್ಲಿದ್ದ ಮೈಫೇರ್ ಕ್ಲಾಸಿಕ್ ಕಾರ್ಡಿನ ಗೂಢಲಿಪಿಯನ್ನು 2008ರಲ್ಲೇ ಜರ್ಮನಿ ಮತ್ತು ನೆದರ್‌ಲೆಂಡ್ಸ್‌ನ ಸಂಶೋಧಕರು ಭೇದಿಸಿ ತೋರಿಸಿದರು. ಓದುವ ಯಂತ್ರದಿಂದ ನಿಯಂತ್ರಣ ಪೆಟ್ಟಿಗೆಗೆ ಹೋಗುವ ತಂತಿಯಲ್ಲಿ ವೀಗಾಂಡ್ ಎಂಬ ಹಳೆಯ ಪದ್ಧತಿ ಇನ್ನೂ ಅನೇಕ ಕಡೆ ಇದೆ. ಅದರಲ್ಲಿ ಮಾಹಿತಿ ಬಿಚ್ಚಿಟ್ಟ ಹಾಗೆಯೇ ಹರಿಯುತ್ತದೆ. ಬೂಮ್ ತಡೆ ಕಾರನ್ನು ನಿಧಾನಗೊಳಿಸಬಲ್ಲದು, ನಡೆದು ಬರುವವನನ್ನು ನಿಲ್ಲಿಸಲಾರದು. ಮುಂದಿನ ಕಾರಿನ ಬೆನ್ನಿಗೆ ಅಂಟಿಕೊಂಡು ಬರುವ ಎರಡನೆಯ ಕಾರನ್ನೂ ನಿಲ್ಲಿಸಲಾರದು. ಇವೆಲ್ಲ ಪರಿಹಾರವಿಲ್ಲದ ದೋಷಗಳೇನಲ್ಲ. ಆದರೆ ಪರಿಹಾರ ಕೇಳಬೇಕಾದರೆ ಮೊದಲು ಯಾರು, ಯಾಕೆ, ಹೇಗೆ ಒಳಬಂದಾರು ಎಂದು ಯೋಚಿಸಿರಬೇಕು. ಆ ಯೋಚನೆ ನಡೆಯದ ಕಡೆ ನಿವಾಸಿಗಳ ಸಂಘದವರು ಒಪ್ಪಿಕೊಳ್ಳುವುದು ತೆರೆಯ ಹೊಳಪನ್ನು.

ಗೇಟೊಂದೇ ಭದ್ರವಾದರೆ ಸಾಕು ಎಂಬುದಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯೇ ಉತ್ತರ ಹೇಳಿದೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಗೆದ್ದ ಬಗೆಯನ್ನು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ವಿವರಿಸಿದ್ದಾನೆ. ಬಂದೂಕುಧಾರಿಗಳು ಗೋಡೆಯ ಮೇಲಿನ ಕಾವಲಿನವರನ್ನು ಗುರಿಯಿಟ್ಟು ಹೊಡೆಯುತ್ತಿದ್ದರೆ, ಕೆಳಗೆ ರಾಯನ ಆಳುಗಳು ಹಾರೆ, ಗುದ್ದಲಿ ಹಿಡಿದು ಗೋಡೆಯ ಕಲ್ಲುಗಳನ್ನೇ ಕಿತ್ತರು. ಬಾಗಿಲು ಎಷ್ಟು ಗಟ್ಟಿ ಎಂಬುದು ಅಲ್ಲಿ ಮುಖ್ಯವಾಗಲೇ ಇಲ್ಲ. ಮುದಗಲ್ಲಂತೂ ವಿಜಯನಗರ, ಬಹಮನಿ, ಬಿಜಾಪುರಗಳ ನಡುವೆ ಎಷ್ಟೋ ಸಲ ಕೈ ಬದಲಾಯಿಸಿತು. 1565ರ ರಕ್ಕಸ-ತಂಗಡಿ ಕದನದ ಫಲವಾಗಿ ಅದು ಬಿಜಾಪುರಕ್ಕೆ ಹೋದಾಗ ತೀರ್ಮಾನವಾದದ್ದು ದೂರದ ರಣಭೂಮಿಯಲ್ಲಿ. ಇಂದಿನ ಬೆಂಗಳೂರಿನ ಮನೆಗಳಿಗೆ ಬೀಳುತ್ತಿರುವ ದೊಡ್ಡ ಕನ್ನವನ್ನು ನೋಡಿ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಕೋಟಿಗಟ್ಟಲೆ ಹಣ ದೋಚುವ ಕಳ್ಳರು ಯಾವ ಗೇಟಿನಲ್ಲೂ ಹೆಸರು ಬರೆಸುವುದಿಲ್ಲ. ಒಬ್ಬಂಟಿ ಹಿರಿಯರ ಫೋನಿಗೆ ನೇರ ಕರೆ ಬರುತ್ತದೆ, ದಿನಗಟ್ಟಲೆ ಅವರನ್ನು ತೆರೆಯ ಮುಂದೆ ಕೂಡಿಸುತ್ತಾರೆ. ಕೆಳಗೆ ಗೇಟಿನಲ್ಲಿ ಹೂ ಮಾರುವವಳ ಫೋಟೊ ಹಿಡಿಯುತ್ತಿರುತ್ತಾರೆ.

ಹಾಗಾದರೆ ಈ ಗೇಟು ಯಾವ ಕೆಲಸವನ್ನು ಚೆನ್ನಾಗಿ ಮಾಡುತ್ತದೆ? ಅದು ಜನರನ್ನು ವಿಂಗಡಿಸುತ್ತದೆ. ಮನೆಗೆಲಸಕ್ಕೆ ಬರುವ ಹೆಂಗಸಿನ ಒಂದು ದಿನವನ್ನು ಗೇಟಿನ ಕಡೆಯಿಂದ ನೋಡಿದರೆ ಇದು ತಿಳಿಯುತ್ತದೆ. ಬೆಳಿಗ್ಗೆ ಬಂದ ಸಮಯ ದಾಖಲಾಗುತ್ತದೆ, ಅದು ಅವಳು ಕೆಲಸ ಮಾಡುವ ಎಲ್ಲ ಮನೆಗಳಿಗೂ ತಿಳಿಯುತ್ತದೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ಮಧ್ಯೆ ಕೂರಲು ಜಾಗವಿಲ್ಲ. ಅವಳ ಕೆಲಸಕ್ಕೆ ಆ್ಯಪಿನಲ್ಲಿ ನಕ್ಷತ್ರಗಳ ಅಂಕ ಕೊಡುವ ಏರ್ಪಾಡಿದೆ. ಅವಳು ಮನೆಯವರಿಗೆ ಅಂಕ ಕೊಡುವ ಏರ್ಪಾಡಿಲ್ಲ. ಹಬ್ಬಕ್ಕೆ ಯಾರಾದರೂ ಸೀರೆ ಕೊಟ್ಟರೆ, ಉಳಿದ ಹೋಳಿಗೆ ಕಟ್ಟಿಕೊಟ್ಟರೆ, ಅದನ್ನು ಹೊರಗೊಯ್ಯಲು ಕೊಟ್ಟವರು ಫೋನಿನಲ್ಲಿ ಗೇಟ್ ಪಾಸ್ ಮಾಡಿಸಬೇಕು. ಮರೆತರೆ ಅವಳು ಚೀಲ ಬಿಚ್ಚಿ ತೋರಿಸಿ, ಫೋನು ಬರುವವರೆಗೆ ನಿಲ್ಲಬೇಕು. ಅದೇ ಹೊತ್ತಿಗೆ ನಿವಾಸಿಯ ಕಾರಿನ ಡಿಕ್ಕಿಯಲ್ಲಿ ಏನು ಹೋಯಿತು ಎಂದು ಯಾರೂ ಕೇಳುವುದಿಲ್ಲ. ಅಪಾಯವನ್ನು ಅಳೆದು ಮಾಡಿದ ಕಾನೂನು ಹೀಗಿರುವುದಿಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಹೊರಬರುವವರನ್ನು ತಪಾಸಣೆ ಮಾಡುವುದಕ್ಕೆ ಒಂದು ಕಾರಣ ಇರಬಹುದು. ಅಲ್ಲಿ ಕಾಪಾಡಬೇಕಾದದ್ದು ಚಿನ್ನ, ಅದು ಹೊರಹೋಗುವ ದಾರಿ ಗೇಟು. ಸೀರೆ, ಹೋಳಿಗೆಗಳ ತಪಾಸಣೆ ಕಾಪಾಡುತ್ತಿರುವುದು ಏನನ್ನು?

ಬೆರಳಚ್ಚಿನ ಯಂತ್ರದ ಅನ್ಯಾಯ ಇನ್ನೂ ನೇರವಾದದ್ದು. ಸಿಮೆಂಟು, ಇಟ್ಟಿಗೆ, ಪಾತ್ರೆಯ ಬೂದಿ, ನೆಲ ಒರೆಸುವ ಆ್ಯಸಿಡ್ ಇವುಗಳಲ್ಲಿ ಸವೆದ ಬೆರಳಿನ ಗೆರೆಗಳನ್ನು ಯಂತ್ರ ಓದಲಾರದು. ‘ತಂಬ್ ಬರಲಿಲ್ಲ’ ಎಂಬ ಮಾತು ನಮ್ಮ ರೇಷನ್ ಅಂಗಡಿಗಳ ಮುಂದೆ ಎಲ್ಲರೂ ಕೇಳಿದ್ದೇ. ಹೆಚ್ಚು ದುಡಿದ ಕೈಯನ್ನೇ ಅದು ಹೆಚ್ಚು ಸಲ ತಿರಸ್ಕರಿಸುತ್ತದೆ. ಮುಖ ಗುರುತಿಸುವ ತಂತ್ರದಲ್ಲೂ ಜನಾಂಗ, ಲಿಂಗ, ವಯಸ್ಸಿಗೆ ತಕ್ಕಂತೆ ತಪ್ಪಿನ ಪ್ರಮಾಣ ಬದಲಾಗುವುದನ್ನು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2019ರ ವರದಿಯಲ್ಲಿ ತೋರಿಸಿದೆ.

ಇನ್ನು ಕಾವಲುಗಾರ. ಮುದಗಲ್ಲಿನ ಬಾಗಿಲನ್ನು ಕಟ್ಟಿದವರಿಗೆ ಬಾಗಿಲೆಂದರೆ ಅಲ್ಲಿ ನಿಲ್ಲುವ ಮನುಷ್ಯ ಎಂದು ಗೊತ್ತಿತ್ತು. ಅದಕ್ಕೇ ಹಾದಿಯ ಎರಡೂ ಬದಿ ಕೋಣೆ, ಮೂರನೆಯ ಬಾಗಿಲಿಗೆ ದೊಡ್ಡ ಕೋಣೆಗಳು. ನೆರಳು, ವಿಶ್ರಾಂತಿ, ಪಾಳಿ ಬದಲಾಯಿಸಲು ಜಾಗ ಇವನ್ನು ಕಲ್ಲಿನಲ್ಲೇ ಕಟ್ಟಿದರು. ಕೋಟಿ ಬೆಲೆಯ ಮನೆಗಳ ಇಂದಿನ ಗೇಟಿನಲ್ಲಿ ಒಂದು ತಗಡಿನ ಡಬ್ಬಿ, ಒಂದು ಪ್ಲಾಸ್ಟಿಕ್ ಕುರ್ಚಿ, ಹನ್ನೆರಡು ಗಂಟೆಯ ಪಾಳಿ ಸಾಮಾನ್ಯ ದೃಶ್ಯ. ಖಾಸಗಿ ಭದ್ರತಾ ಏಜೆನ್ಸಿಗಳಿಗೆ 2005ರ ಕೇಂದ್ರ ಕಾಯ್ದೆಯಿದೆ. ಅದರ ಮಾದರಿ ನಿಯಮದ ಪ್ರಕಾರ ಹೊಸ ಕಾವಲುಗಾರನಿಗೆ 100 ಗಂಟೆ ಪಾಠ, 60 ಗಂಟೆ ಕ್ಷೇತ್ರ ತರಬೇತಿ ಆಗಿರಬೇಕು. ತರಬೇತಿಯ ದಾಖಲೆ ಕೊಡಿ ಎಂದು ಏಜೆನ್ಸಿಯನ್ನು ಕೇಳುವ ಸಂಘಗಳು ಅಪರೂಪ. ಕಡಿಮೆ ದರ ಹೇಳಿದ ಏಜೆನ್ಸಿಗೆ ಗುತ್ತಿಗೆ ಬದಲಾಗುತ್ತದೆ, ಅದರೊಂದಿಗೆ ಕಾವಲುಗಾರನೂ ಬದಲಾಗುತ್ತಾನೆ. ಮೂರನೆಯ ಮಹಡಿಯ ಅಜ್ಜಿಯ ಮಗ ಯಾರು, ನೀರಿನ ಟ್ಯಾಂಕರಿನ ಚಾಲಕ ಯಾರು, ಯಾವ ಮಗು ಒಂಟಿಯಾಗಿ ಗೇಟು ದಾಟಬಾರದು ಎಂಬ ತಿಳಿವಳಿಕೆ ತಿಂಗಳುಗಟ್ಟಲೆ ನಿಂತು ಬರುವಂಥದ್ದು. ಗುತ್ತಿಗೆ ಮುಗಿದ ದಿನ ಅದು ಅವನೊಂದಿಗೇ ಹೋಗುತ್ತದೆ. ಆ ನಷ್ಟವನ್ನು ಯಾವ ಆ್ಯಪೂ ತುಂಬಿಕೊಡುವುದಿಲ್ಲ, ಯಾಕೆಂದರೆ ಆ್ಯಪಿಗೆ ಗೊತ್ತಿರುವುದು ಹೆಸರು, ನಂಬರು. ಬಂದವನ ನಡೆಯಲ್ಲಿ ಏನೋ ಸರಿಯಿಲ್ಲ ಎಂದು ಕಾಣುವುದು ಕಣ್ಣಿಗೆ, ಆ ಗೇಟಿನ ದಿನಚರಿಯನ್ನು ಬಲ್ಲ ಕಣ್ಣಿಗೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಹಳೆಯ ನೋಟ್‌ಬುಕ್ಕು ಇನ್ನೂ ಕೆಟ್ಟದ್ದಾಗಿತ್ತು ಎನ್ನುತ್ತಾರೆ, ನಿಜ. ಆ ಪುಸ್ತಕದಲ್ಲಿ ಬಂದ ಹೆಂಗಸಿನ ಫೋನ್ ನಂಬರನ್ನು ಆಮೇಲೆ ಬಂದವರೆಲ್ಲ ಓದಬಹುದಿತ್ತು, ಸುಳ್ಳು ಹೆಸರು ಬರೆದರೆ ಕೇಳುವವರಿರಲಿಲ್ಲ. ಆ್ಯಪ್ ಅದನ್ನು ಮುಚ್ಚಿಟ್ಟಿತು. ಆ ಮಟ್ಟಿಗೆ ಅದು ಸುಧಾರಣೆಯೇ. ಆದರೆ ಪುಸ್ತಕ ತುಂಬಿದ ಮೇಲೆ ರದ್ದಿಗೆ ಹೋಗುತ್ತಿತ್ತು. ಈಗಿನ ದಾಖಲೆ ಎಲ್ಲೋ ಒಂದು ಸರ್ವರಿನಲ್ಲಿ ಕೂರುತ್ತದೆ, ಎಷ್ಟು ದಿನ ಎಂದು ಬಂದವರಿಗೆ ಯಾರೂ ಹೇಳುವುದಿಲ್ಲ. ಇನ್ನೊಂದು ಆಕ್ಷೇಪ, ಒಬ್ಬಂಟಿ ಹೆಂಗಸರು, ವೃದ್ಧರು ನೆಮ್ಮದಿಯಿಂದ ಇರಬೇಡವೇ ಎಂಬುದು. ಇರಲೇಬೇಕು, ಈ ಇಡೀ ವಾದವೇ ಅವರ ಪರವಾದದ್ದು. ಅವರಿಗೆ ಬೇಕಾದದ್ದು ಕರೆದ ಕೂಡಲೇ ಬರುವ ಮನುಷ್ಯ, ರಾತ್ರಿ ಉರಿಯುವ ದೀಪ, ಫೋನಿನಲ್ಲಿ ಹೆದರಿಸಿದಾಗ ಪಕ್ಕದ ಮನೆಗೆ ಹೋಗಿ ಹೇಳಬಲ್ಲ ಬಳಕೆ, ಆಂಬ್ಯುಲೆನ್ಸಿಗೆ ಓಟಿಪಿ ಕೇಳದ ಗೇಟು. ಕಳ್ಳತನವಾದಾಗ ದಾಖಲೆಯಿಂದ ಪೊಲೀಸರಿಗೆ ನೆರವಾಗುತ್ತದೆ ಎಂಬ ಮಾತೂ ಇದೆ. ಆಗುತ್ತದೆ. ಅದಕ್ಕೆ ಕೆಲವು ವಾರಗಳ ದಾಖಲೆ ಸಾಕು. ವರ್ಷಗಟ್ಟಲೆಯ ಹಾಜರಿ ಪಟ್ಟಿ, ನಕ್ಷತ್ರದ ಅಂಕ, ಅದರ ಪಕ್ಕದಲ್ಲಿ ಜಾಹೀರಾತು ಬೇಡ. ನಮ್ಮ ಆಸ್ತಿ, ನಮ್ಮ ಇಷ್ಟ ಎನ್ನುವವರಿಗೆ ಹೇಳಬೇಕಾದದ್ದು: ಅಪಾರ್ಟ್‌ಮೆಂಟಿನ ಆವರಣಕ್ಕೆ ಆ ಮಾತು ಸ್ವಲ್ಪ ಮಟ್ಟಿಗೆ ಸಲ್ಲುತ್ತದೆ. ಬಡಾವಣೆಗೆ ಸಲ್ಲುವುದಿಲ್ಲ. ನಕ್ಷೆ ಮಂಜೂರಾಗುವಾಗ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ರಸ್ತೆ ಸಾರ್ವಜನಿಕರದ್ದು. ಅದಕ್ಕೆ ಗೇಟು ಹಾಕಿ ಜನರನ್ನು ತಡೆಯುವ ಹಕ್ಕು ಸಂಘಕ್ಕಿಲ್ಲ.

ಕೋಟೆಯನ್ನೂ ಅಪಾರ್ಟ್‌ಮೆಂಟನ್ನೂ ಹೋಲಿಸುವುದೇ ತಪ್ಪು, ಕೋಟೆ ಯುದ್ಧಕ್ಕೆ ಕಟ್ಟಿದ್ದು ಎಂದೂ ಹೇಳಬಹುದು. ಸರಿಯೇ. ಆದರೆ ಯುದ್ಧಕ್ಕೆ ಕಟ್ಟಿದ ಕೋಟೆಯೂ ಜನ ಬಾಳುವ ಊರಾಗಿತ್ತು, ಈಗಲೂ ಮುದಗಲ್ ಕಿಲ್ಲಾದೊಳಗೆ ಮನೆಗಳಿವೆ. ಹುಸೇನಿ ಆಲಂ ದರ್ಗಾದ ಮೊಹರಂಗೆ ಹಿಂದೂ ಮುಸ್ಲಿಂ ಎನ್ನದೆ ದೂರದ ಊರುಗಳಿಂದ ಸಾವಿರಾರು ಜನ ಬಂದು ಸೇರುವ ಊರು ಅದು. ಶತ್ರುವನ್ನು ತಡೆಯಲು ಅಷ್ಟು ಕಲ್ಲು ಹೇರಿದ ಊರು ಅತಿಥಿಯನ್ನೂ ಆಳನ್ನೂ ಶತ್ರುವೆಂದು ಎಣಿಸಲಿಲ್ಲ. ಹಾಗೆಂದು ಸುಲ್ತಾನರ, ರಾಯರ ಕಾಲದ ಬಾಗಿಲುಗಳಲ್ಲಿ ಜಾತಿ, ಅಂತಸ್ತಿನ ಭೇದ ಇರಲಿಲ್ಲ ಎಂದು ಹೇಳುವಷ್ಟು ಮುಗ್ಧತೆ ಬೇಡ. ನಾನು ಒಪ್ಪುತ್ತಿರುವುದು ಆ ಬಾಗಿಲಿನ ಕಟ್ಟೋಣದ ವಿವೇಕವನ್ನು ಮಾತ್ರ.

ಕಾನೂನು ಈಗ ಈ ಪದ್ಧತಿಯ ಬೆನ್ನು ಹತ್ತಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಮುಕ್ತವಾಗಿರಬೇಕು, ಯಾವುದಕ್ಕೆ ಎಂದು ತಿಳಿಸಿ ಪಡೆದದ್ದಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು, ಉದ್ದೇಶ ಮುಗಿದ ಮೇಲೆ ಮಾಹಿತಿಯನ್ನು ಅಳಿಸಬೇಕು. ಉಲ್ಲಂಘನೆಗೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಅದರಲ್ಲಿ ಕನ್ನಡಿಗರು ಗಮನಿಸಬೇಕಾದ ಮಾತೊಂದಿದೆ: ಒಪ್ಪಿಗೆಯ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ವ್ಯಕ್ತಿಗೆ ಸಿಗಬೇಕು. ಎಂದರೆ ಮಸ್ಕಿಯಿಂದ ಹೋದ ಗಾರೆ ಕೆಲಸದವನು ತನ್ನ ಫೋಟೊ ಯಾಕೆ ತೆಗೆಯುತ್ತಾರೆ, ಎಷ್ಟು ದಿನ ಇಡುತ್ತಾರೆ ಎಂದು ಕನ್ನಡದಲ್ಲಿ ತಿಳಿಯಲು ಹಕ್ಕುಳ್ಳವನು. ಫೋಟೊ ಬೇಡ ಎಂದರೆ ಅಂದಿನ ಕೂಲಿಯೇ ಹೋಗುವ ಗೇಟಿನಲ್ಲಿ ಅವನ ಒಪ್ಪಿಗೆಯನ್ನು ಮುಕ್ತ ಎನ್ನಲು ನನಗೆ ಸಾಧ್ಯವಿಲ್ಲ.

ಈ ಪದ್ಧತಿಯ ಬಗ್ಗೆ ನನ್ನ ತೀರ್ಮಾನ ಇಷ್ಟು. ದಾಖಲೆ ಇಡುವ ಸಾಧನವಾಗಿ ಅದು ಹಳೆಯ ಪುಸ್ತಕಕ್ಕಿಂತ ಮೇಲು, ಕಾವಲಿನ ಸಾಧನವಾಗಿ ದುರ್ಬಲ, ಮನುಷ್ಯರನ್ನು ನಡೆಸಿಕೊಳ್ಳುವ ರೀತಿಯಲ್ಲಿ ತಪ್ಪು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ದುಡ್ಡಿನಿಂದ ಬೆಳೆದ ಸಿಂಧನೂರಿನಲ್ಲಾಗಲಿ, ಲಿಂಗಸುಗೂರು, ಮಸ್ಕಿಗಳಲ್ಲಾಗಲಿ ಹೊಸ ಬಡಾವಣೆಯ ಸಂಘ ಕಟ್ಟುವವರಲ್ಲಿ ಒಂದು ವಿನಂತಿ. ಗೇಟಿಗೆ ಕೊಟೇಶನ್ ತರಿಸುವ ಮೊದಲು ಒಂದು ಹಾಳೆಯಲ್ಲಿ ನೀವು ಹೆದರುವುದು ಯಾವುದಕ್ಕೆ ಎಂದು ಬರೆಯಿರಿ: ಕಳ್ಳತನವೋ, ಬೆಂಕಿಯೋ, ಗೇಟಿನ ಮುಂದೆ ಮಕ್ಕಳಿಗೆ ತಾಗುವ ವಾಹನವೋ. ಬೆಂಕಿ ಎಂದಾದರೆ ಅಗ್ನಿಶಾಮಕ ವಾಹನ ಒಳಬರುವಂತೆ ಗೇಟು ಕಾಂಪೌಂಡಿಗೆ ಒರಗಿ ಪೂರ್ತಿ ತೆರೆಯಬೇಕು, ಕರೆಂಟು ಹೋದಾಗ ತಡೆಯನ್ನು ಕೈಯಿಂದ ಎತ್ತಲು ಬರಬೇಕು. ಕಳ್ಳತನ ಎಂದಾದರೆ ಹಿಂದಿನ ಗೋಡೆಯನ್ನೂ ಕತ್ತಲ ಮೂಲೆಯನ್ನೂ ಮೊದಲು ನೋಡಿ. ಆ್ಯಪ್ ಬೇಕೇ ಬೇಕೆಂದರೆ ಮಾಹಿತಿಯನ್ನು 30 ದಿನಕ್ಕೆ ಅಳಿಸುವ ಷರತ್ತನ್ನು ಕರಾರಿನಲ್ಲಿ ಹಾಕಿಸಿ, ಅಂಕ ಕೊಡುವ ಏರ್ಪಾಡನ್ನು ಮುಚ್ಚಿಸಿ, ಸೂಚನೆಯನ್ನು ಗೇಟಿನಲ್ಲಿ ಕನ್ನಡದಲ್ಲಿ ಬರೆಸಿ. ಉಳಿದ ಹಣದಲ್ಲಿ ಕಾವಲುಗಾರನಿಗೆ ಫ್ಯಾನು, ಕುಡಿಯುವ ನೀರು, ಶೌಚಾಲಯ ಇರುವ ಒಂದು ಕೋಣೆ ಕಟ್ಟಿಸಿ, ಪಾಳಿಯನ್ನು ಎಂಟು ಗಂಟೆಗೆ ಇಳಿಸಿ.